ಎರಡು ಕ್ರೆಡಿಟ್ ಕಾರ್ಡ್ ಒಂದು ಮಾಡಿಸಲು ಹೋಗಿ 1,20,000 ಲಿಮಿಟ್ ಕಳೆದುಕೊಂಡೆ

ಒಂದೇ ಬ್ಯಾಂಕಿನ ಎರಡು ಕ್ರೆಡಿಟ್ ಕಾರ್ಡ್ ಇದೆ, ಸೇರಿಸಿ ಒಂದು ಮಾಡಿಸೋಣ ಅಂತ ಇದ್ದೀರಾ? ಕಸ್ಟಮರ್ ಕೇರ್‌ಗೆ ಫೋನ್ ಮಾಡುವ ಮೊದಲು ದಯವಿಟ್ಟು ಇದನ್ನು ಓದಿ.

ನಾನು ಕೋಲಾರದಲ್ಲಿ ಹೈಸ್ಕೂಲ್ ಮೇಷ್ಟ್ರು. ಶ್ರೀನಿವಾಸಪುರದ ಕಡೆ ಅಪ್ಪನ ಕಾಲದ ಎರಡು ಎಕರೆ ಇದೆ, ಟೊಮೆಟೊ ಹಾಕುತ್ತೇವೆ. ನನ್ನ ಹಳೇ ಕಾರ್ಡಿನ ಲಿಮಿಟ್ 1,20,000, ಹೊಸದರದ್ದು 80,000. ಒಂದರ ಬಿಲ್ ಕಟ್ಟಲು 5ನೇ ತಾರೀಖು ಕೊನೆ, ಇನ್ನೊಂದಕ್ಕೆ 18. ಒಂದು ತಿಂಗಳು ಮರೆತು ದಂಡ ಕಟ್ಟಿದೆ. ಹಳೇ ಕಾರ್ಡಿಗೆ ವರ್ಷದ ಫೀಸು ಬೇರೆ. ಎರಡೂ ಸೇರಿ 2 ಲಕ್ಷದ ಒಂದೇ ಕಾರ್ಡ್ ಆದರೆ ತಲೆನೋವು ಇರಲ್ಲ ಅಂತ ಫೋನ್ ಮಾಡಿದೆ.

ಆ ಕಡೆಯ ಹುಡುಗ ತುಂಬಾ ವಿನಯವಾಗಿ ಮಾತಾಡಿದ. "ಆಗುತ್ತೆ ಸರ್. ಹಳೇ ಕಾರ್ಡ್ ಕ್ಲೋಸ್ ಮಾಡಿ, ಲಿಮಿಟ್ ಹೊಸದಕ್ಕೆ ಬರುತ್ತೆ" ಅಂದ. "ಗ್ಯಾರಂಟಿನಾ?" ಅಂತ ಕೇಳಿದೆ. "ಹೌದು ಸರ್" ಅಂದ. ಹಳೇ ಕಾರ್ಡಿನಲ್ಲಿ ಫ್ರಿಜ್‌ನ ಇಎಂಐ ಇನ್ನೂ 11,000 ಬಾಕಿ ಇತ್ತು. ಅದನ್ನು ಪೂರ್ತಿ ತೀರಿಸಿದರೆ ಮಾತ್ರ ಕ್ಲೋಸ್ ಆಗುತ್ತೆ ಅಂದ. ಮುಂಚೆ ತೀರಿಸಿದ್ದಕ್ಕೆ ಶುಲ್ಕ, ಅದರ ಮೇಲೆ 18% ಜಿಎಸ್‌ಟಿ. ಅದನ್ನೂ ಕಟ್ಟಿದೆ. ಮೂರನೇ ದಿನ ಮೆಸೇಜ್ ಬಂತು, ಕಾರ್ಡ್ ಕ್ಲೋಸ್ ಆಗಿದೆ ಅಂತ. ಕೆಲಸ ಮುಗಿಯಿತು ಅಂದುಕೊಂಡೆ.

ಎಂಟು ದಿನಕ್ಕೆ ಬೋರ್‌ವೆಲ್ ಮೋಟಾರ್ ಸುಟ್ಟುಹೋಯಿತು. ನಮ್ಮ ಬೋರ್ 1,200 ಅಡಿ. ಅಷ್ಟು ಆಳಕ್ಕೆ ಮೋಟಾರ್, ಕೇಬಲ್, ಸ್ವಲ್ಪ ಪೈಪು ಎಲ್ಲಾ ಸೇರಿ 1,40,000 ಆಗುತ್ತೆ ಅಂದರು. ಟೊಮೆಟೊ ಗಿಡ ಕಾಯಿ ಕಟ್ಟುವ ಹೊತ್ತು ಅದು. ನೀರು ಎರಡು ದಿನ ತಪ್ಪಿದರೂ ಹೂವು ನಿಲ್ಲಲ್ಲ. ಹೊಸ ಕಾರ್ಡಿನಲ್ಲಿ ಆಗಲೇ 46,000 ಬಾಕಿ ಇತ್ತು. 2 ಲಕ್ಷದಲ್ಲಿ ಅದನ್ನು ಕಳೆದರೂ 1,54,000 ಉಳಿಯುತ್ತೆ, ಸಾಕು ಅಂತ ಲೆಕ್ಕ ಹಾಕಿ ಅಂಗಡಿಗೆ ಹೋದೆ. ಕಾರ್ಡ್ ಉಜ್ಜಿದರೆ ಹೋಗಲಿಲ್ಲ. ಮತ್ತೆ ಉಜ್ಜಿದರು. ಹೋಗಲಿಲ್ಲ. ಆ್ಯಪ್ ತೆಗೆದು ನೋಡಿದರೆ ಲಿಮಿಟ್ ಅದೇ 80,000.

ಅಲ್ಲೇ ಅಂಗಡಿ ಬೆಂಚಿನ ಮೇಲೆ ಕೂತು ಫೋನ್ ಮಾಡಿದೆ. ಈ ಸಲ ಮಾತಾಡಿದ ಹೆಣ್ಣುಮಗಳು ಹೇಳಿದ್ದು ಇಷ್ಟೇ. "ಕಾರ್ಡ್ ಕ್ಲೋಸ್ ಮಾಡಲು ಮಾತ್ರ ರಿಕ್ವೆಸ್ಟ್ ಇದೆ ಸರ್. ಲಿಮಿಟ್ ವರ್ಗಾವಣೆಗೆ ಯಾವ ರಿಕ್ವೆಸ್ಟೂ ಇಲ್ಲ. ಕ್ಲೋಸ್ ಆದ ಕಾರ್ಡನ್ನು ಮತ್ತೆ ತೆರೆಯೋಕೆ ಆಗಲ್ಲ." ಲಿಮಿಟ್ ಜಾಸ್ತಿ ಬೇಕಾದರೆ ಸಂಬಳದ ಸ್ಲಿಪ್ ಕೊಟ್ಟು ಹೊಸದಾಗಿ ಕೇಳಬೇಕಂತೆ.

ಅಂಗಡಿಯವರು ನನ್ನ ಮುಖ ನೋಡಿ, "ಮೇಷ್ಟ್ರೇ, ಎರಡು ಕಾರ್ಡೂ ಇದ್ದಿದ್ದರೆ ಎರಡು ಸಲ ಉಜ್ಜಿ ಮುಗಿಸಿಬಿಡಬಹುದಿತ್ತಲ್ಲ" ಅಂದರು. ನಿಜ. ಆ ಮಾತು ಈಗಲೂ ಚುಚ್ಚುತ್ತೆ. ಕೊನೆಗೆ ನನ್ನ ಹೆಂಡತಿ ಸರ ಬಿಚ್ಚಿ ಕೊಟ್ಟಳು, ಗಿರವಿ ಇಟ್ಟು ಮೋಟಾರ್ ಇಳಿಸಿದೆವು. ಅಷ್ಟರಲ್ಲಿ ಆರು ದಿನ ಕಳೆದಿತ್ತು. ಮೊದಲ ಸುತ್ತಿನ ಹೂವು ಪೂರ್ತಿ ಉದುರಿತ್ತು.

ಆಮೇಲೆ ಕೂತು ತಿಳಿದುಕೊಂಡಿದ್ದನ್ನು ಹೇಳುತ್ತೇನೆ. ಕಾರ್ಡ್ ಕ್ಲೋಸ್ ಮಾಡುವುದು, ಲಿಮಿಟ್ ಸೇರಿಸುವುದು ಎರಡೂ ಬೇರೆ ಬೇರೆ ಕೆಲಸ. ಬಾಕಿ ಇಲ್ಲದಿದ್ದರೆ ಕ್ಲೋಸ್ ಮಾಡಲು ಬ್ಯಾಂಕಿಗೆ 7 ಕೆಲಸದ ದಿನದ ಗಡುವಿದೆ, ಮೀರಿದರೆ ದಿನಕ್ಕೆ 500 ರೂಪಾಯಿ ನಮಗೆ ಕೊಡಬೇಕು. ಇದು ಆರ್‌ಬಿಐ 2022ರಲ್ಲಿ ಮಾಡಿದ ನಿಯಮ. ಹಾಗಾಗಿ ಆ ಕೆಲಸ ಬೇಗ ಆಗುತ್ತದೆ. ಲಿಮಿಟ್ ಸೇರಿಸುವುದು ಮಾತ್ರ ಬ್ಯಾಂಕಿನ ಇಷ್ಟ. ಮಾಡಿದರೂ ಎರಡು ಕಾರ್ಡೂ ಜೀವಂತ ಇರುವಾಗಲೇ ಮಾಡಿಸಿಕೊಳ್ಳಬೇಕು.

ಇನ್ನೊಂದು ವಿಷಯ. ಎಷ್ಟೋ ಬ್ಯಾಂಕುಗಳಲ್ಲಿ ಎರಡು ಕಾರ್ಡಿಗೂ ಸೇರಿ ಇರುವುದು ಒಂದೇ ಲಿಮಿಟ್. ಒಂದು ಕಾರ್ಡಿನಲ್ಲಿ ಸಾವಿರ ರೂಪಾಯಿ ಖರ್ಚು ಮಾಡಿ, ಇನ್ನೊಂದರಲ್ಲೂ ಸಾವಿರ ಕಡಿಮೆ ಆಯಿತಾ ಅಂತ ಆ್ಯಪ್‌ನಲ್ಲಿ ನೋಡಿ. ಆಗಿದ್ದರೆ ಸೇರಿಸಲು ಬೇರೆ ಲಿಮಿಟ್ಟೇ ಇಲ್ಲ. ನನ್ನದು ಬೇರೆ ಬೇರೆ ಇತ್ತು.

ಸಿಬಿಲ್ ಸ್ಕೋರಿಗೂ, ಅಂದರೆ ಸಾಲ ಕೊಡುವ ಮೊದಲು ಬ್ಯಾಂಕುಗಳು ನೋಡುವ ಅಂಕಕ್ಕೂ, ಪೆಟ್ಟು ಬಿತ್ತು. ಅದೇ 46,000 ಬಾಕಿ 2 ಲಕ್ಷಕ್ಕೆ ಹಿಡಿದರೆ 23%. ಲಿಮಿಟ್ 80,000ಕ್ಕೆ ಇಳಿದ ಮೇಲೆ 57% ದಾಟಿತು. ಸ್ಕೋರ್ ಚೆನ್ನಾಗಿರಬೇಕಾದರೆ ಬಾಕಿಯನ್ನು ಲಿಮಿಟ್ಟಿನ 30%ರೊಳಗೆ ಇಟ್ಟುಕೊಳ್ಳಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಾನು ಒಂದು ರೂಪಾಯಿ ಹೊಸ ಸಾಲ ಮಾಡಿರಲಿಲ್ಲ. ಆದರೂ 781 ಇದ್ದ ಸ್ಕೋರ್ 742ಕ್ಕೆ ಬಂತು. ಅಮ್ಮನ ಆರೋಗ್ಯ ವಿಮೆಯ ಕಂತು ಹಳೇ ಕಾರ್ಡಿನಿಂದ ತಾನೇ ಹೋಗುತ್ತಿತ್ತು, ಅದೂ ನಿಂತುಹೋಗಿತ್ತು. ಮೆಸೇಜ್ ನೋಡಿದ್ದರಿಂದ ಬಚಾವಾದೆವು.

ನನಗೆ ಜಾಸ್ತಿ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ನನ್ನ ತೊಂದರೆ ಇದ್ದದ್ದು ಎರಡು ತಾರೀಖುಗಳದ್ದು, ಅಲ್ವಾ? ಬಿಲ್ ಚಕ್ರವನ್ನು, ಅಂದರೆ ತಿಂಗಳ ಬಿಲ್ ಯಾವ ತಾರೀಖಿಗೆ ಆಗಬೇಕು ಅನ್ನುವುದನ್ನು, ಕನಿಷ್ಠ ಒಂದು ಸಲ ನಮಗೆ ಬೇಕಾದಂತೆ ಬದಲಿಸಿಕೊಳ್ಳುವ ಅವಕಾಶವನ್ನು ಬ್ಯಾಂಕ್ ಕೊಡಲೇಬೇಕು, ಅದೂ ಆರ್‌ಬಿಐ ನಿಯಮವೇ. ಎರಡು ಕಾರ್ಡಿನ ತಾರೀಖನ್ನೂ ಹತ್ತಿರ ಮಾಡಿಸಿಕೊಂಡಿದ್ದರೆ ಸಾಕಿತ್ತು. ಆ ಹುಡುಗ ಅದನ್ನು ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಬ್ಯಾಂಕಿಗೆ ಇಮೇಲ್‌ನಲ್ಲಿ ದೂರು ಕೊಟ್ಟೆ. ಮೊದಲ ಕರೆಯ ರೆಕಾರ್ಡಿಂಗ್ ಕೇಳಿ ನೋಡಿ ಅಂತ ಬರೆದೆ. ಇಎಂಐ ಮುಂಚೆ ತೀರಿಸಿದ ಶುಲ್ಕ ವಾಪಸ್ ಬಂತು, ಲಿಮಿಟ್ 1,10,000ಕ್ಕೆ ಏರಿತು. ಅಷ್ಟೇ. ನಿಮ್ಮ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ಬರೆಯಬಹುದು, ದುಡ್ಡು ಕಟ್ಟಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ಹೇಗೆ ಅಂತ ಹೇಳುತ್ತಾರೆ.

ಸೇರಿಸಲೇಬೇಕು ಅಂತಿದ್ದರೆ ಫೋನಿನಲ್ಲಿ ಬೇಡ, ಇಮೇಲ್ ಕಳಿಸಿ. "ನನ್ನ ಹಳೇ ಕಾರ್ಡಿನ ಇಷ್ಟು ಲಿಮಿಟ್ಟನ್ನು ಹೊಸ ಕಾರ್ಡಿಗೆ ಸೇರಿಸಿ. ಸೇರುವವರೆಗೆ ಹಳೇ ಕಾರ್ಡ್ ಕ್ಲೋಸ್ ಮಾಡಲು ನನ್ನ ಒಪ್ಪಿಗೆ ಇಲ್ಲ" ಅಂತ ಬರೆಯಿರಿ. ಹೊಸ ಕಾರ್ಡಿನ ಬಿಲ್‌ನಲ್ಲಿ ಹೆಚ್ಚಿದ ಲಿಮಿಟ್ ಅಚ್ಚಾಗಿ ಬರುವವರೆಗೆ ಹಳೇ ಕಾರ್ಡ್ ಬೀರುವಿನಲ್ಲೇ ಇರಲಿ.