ಗಾಜಿನ ಲೋಟದ ಮೇಣದಬತ್ತಿ ಕಿಟ್: ನೋಟಕ್ಕೆ ಸೊಗಸು, ಉರಿಗೆ ಅರೆಕೊರೆ

ಅಲಂಕಾರದ ಮೇಣದಬತ್ತಿಯನ್ನು ಮನೆಯಲ್ಲೇ ತಯಾರಿಸಲು ಬೇಕಾದ ಸಾಮಗ್ರಿಯನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಕೊಡುವ ಕಿಟ್‌ಗಳು ಈಗ ಆನ್‌ಲೈನ್ ಮಳಿಗೆಗಳಲ್ಲಿ ಹೇರಳವಾಗಿ ಸಿಗುತ್ತವೆ. ನಾನು ತರಿಸಿಕೊಂಡ ಕಿಟ್‌ನಲ್ಲಿ ಅರ್ಧ ಕಿಲೋ ಸೋಯಾ ಮೇಣದ (ಸೋಯಾ ಎಣ್ಣೆಯಿಂದ ಮಾಡಿದ ಮೇಣ) ಚೂರುಗಳು, ತಲಾ 200 ಮಿಲಿಲೀಟರ್ ಹಿಡಿಯುವ ನಾಲ್ಕು ಗಾಜಿನ ಲೋಟಗಳು, ತಳಕ್ಕೆ ಲೋಹದ ಬಿಲ್ಲೆ ಸಿಕ್ಕಿಸಿದ ಹತ್ತಿಯ ಬತ್ತಿಗಳು, 10 ಮಿಲಿಲೀಟರಿನ ನಾಲ್ಕು ಸುಗಂಧ ತೈಲದ ಶೀಶೆಗಳು, ಬಣ್ಣದ ತುಂಡುಗಳು, ಮೇಣ ಕರಗಿಸಲು ಮೂತಿಯಿರುವ ಲೋಹದ ಜಗ್, ಒಂದು ಥರ್ಮಾಮೀಟರ್ ಮತ್ತು ಒಣಗಿಸಿದ ಹೂವಿನ ಎಸಳುಗಳ ಪೊಟ್ಟಣ ಇದ್ದವು. ಹಚ್ಚದೆ ಇಟ್ಟ ಮೇಣದಬತ್ತಿ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದನ್ನು ಮುಖ್ಯವಾಗಿಟ್ಟುಕೊಂಡು ಈ ಕಿಟ್ಟನ್ನು ಜೋಡಿಸಿದ್ದಾರೆ; ಹಚ್ಚಿದ ಮೇಲೆ ಏನಾಗುತ್ತದೆ ಎಂಬ ಯೋಚನೆ ಅಷ್ಟಾಗಿ ನಡೆದಂತಿಲ್ಲ.

ಲೋಟಗಳ ಬಗ್ಗೆ ದೂರಲು ಏನೂ ಇಲ್ಲ. ತಳ ದಪ್ಪವಾಗಿದೆ, ಗೋಡೆ ನೇರವಾಗಿದೆ, ಬಾಯಿ ಅಗಲವಾಗಿದೆ. ಕತ್ತು ಕಿರಿದಾದ ಜಾಡಿಗಳು ನೋಡಲು ಎಷ್ಟೇ ಚೆಂದವಿದ್ದರೂ ಜ್ವಾಲೆಯ ಬಿಸಿಯೆಲ್ಲ ಕತ್ತಿನ ಬಳಿ ಒಟ್ಟುಗೂಡುವುದರಿಂದ ಅವು ಈ ಕೆಲಸಕ್ಕೆ ಒಗ್ಗುವುದಿಲ್ಲ. ಸಾಮಾನ್ಯ ಸೋಡಾ-ಲೈಮ್ ಗಾಜು ಬಿಸಿಗೆ, ಶಾಖ ತಾಳುವ ಪಾತ್ರೆಗಳಿಗೆ ಬಳಸುವ ಬೊರೊಸಿಲಿಕೇಟ್ ಗಾಜಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಒಂದು ಕಡೆ ಕಾದು ಇನ್ನೊಂದು ಕಡೆ ತಣ್ಣಗಿದ್ದರೆ ಬಿರಿಯುತ್ತದೆ. ಆದ್ದರಿಂದ ತಯಾರಾದ ಗಾಜನ್ನು ನಿಧಾನವಾಗಿ ತಣಿಸಿ ಅದರೊಳಗಿನ ಬಿಗಿತವನ್ನು ಕಳೆದಿರಬೇಕು. ಮೇಣದಬತ್ತಿಯ ಗಾಜಿನ ಪಾತ್ರೆಗಳಿಗೆಂದೇ ವಸ್ತುಗಳ ಗುಣಮಟ್ಟಕ್ಕೆ ಮಾನದಂಡ ನಿಗದಿಪಡಿಸುವ ಎಎಸ್‌ಟಿಎಂ ಸಂಸ್ಥೆ ರೂಪಿಸಿರುವ ಎಫ್2179 ಎಂಬ ಮಾನದಂಡ ಈ ಸಂಗತಿಗೇ ಸಂಬಂಧಿಸಿದ್ದು, ಪೆಟ್ಟಿಗೆಯ ಮೇಲೆ ಅದರ ಉಲ್ಲೇಖವಿದೆ. ಅಡುಗೆಮನೆಯಲ್ಲಿ ಉಳಿದುಹೋದ ಯಾವುದೋ ತೆಳು ಲೋಟಕ್ಕೆ ಮೇಣ ಸುರಿಯುವುದಕ್ಕಿಂತ ಇದು ಎಷ್ಟೋ ಮೇಲು.

ಮೇಣವೂ ಒಳ್ಳೆಯದೇ, ಆದರೆ ಸಾಲದು. 500 ಗ್ರಾಮನ್ನು ನಾಲ್ಕು ಪಾಲು ಮಾಡಿದರೆ ಒಂದು ಲೋಟಕ್ಕೆ 125 ಗ್ರಾಂ ಬರುತ್ತದೆ. ಕರಗಿದ ಸೋಯಾ ಮೇಣ ನೀರಿಗಿಂತ ಹಗುರವಾದರೂ ಅಷ್ಟು ಮೇಣದಿಂದ 200 ಮಿಲಿಲೀಟರಿನ ಲೋಟದ ಮೂರನೇ ಎರಡು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ತುಂಬುತ್ತದೆ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿರುವಷ್ಟು ಮಟ್ಟಕ್ಕೆ ತುಂಬಿಸಬೇಕೆಂದರೆ ಮೂರೇ ಮೇಣದಬತ್ತಿ ಎಂದು ಲೆಕ್ಕ ಹಾಕಿಕೊಳ್ಳುವುದು ಒಳಿತು. ಸುಗಂಧದ ಪ್ರಮಾಣ ಮಾತ್ರ ಸರಿಯಾಗಿದೆ. ಮೇಣದ ತೂಕದ ಶೇಕಡಾ 6ರಿಂದ 10ರಷ್ಟು ತೈಲ ಸೇರಿಸುವುದು ರೂಢಿ, ಲೋಟಕ್ಕೊಂದು ಶೀಶೆ ಸುರಿದರೆ ಈ ಮಿತಿಯೊಳಗೇ ಇರುತ್ತದೆ. ಪರಿಮಳ ಹೆಚ್ಚಲೆಂದು ಎರಡು ಶೀಶೆ ಸುರಿದರೆ ಮೇಣ ಅಷ್ಟು ತೈಲವನ್ನು ಹಿಡಿದಿಟ್ಟುಕೊಳ್ಳಲಾರದೆ ಅದು ಮೇಲೆ ಬೆವರಿದಂತೆ ನಿಲ್ಲುತ್ತದೆ.

ಜೊತೆಗಿರುವ ಸೂಚನಾಪತ್ರ ನಿರಾಸೆ ಮೂಡಿಸುತ್ತದೆ. ಥರ್ಮಾಮೀಟರನ್ನು ಕೊಟ್ಟವರು ಯಾವ ಹಂತದಲ್ಲಿ ಎಷ್ಟು ಡಿಗ್ರಿ ಇರಬೇಕೆಂಬುದನ್ನೇ ಬರೆದಿಲ್ಲ. ಸೋಯಾ ಮೇಣವನ್ನು ನೇರ ಉರಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗೆ ಜಗ್ ಇಟ್ಟು ಕರಗಿಸಿ, 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೈಲ ಬೆರೆಸಿ, ಒಂದೆರಡು ನಿಮಿಷ ನಿಧಾನವಾಗಿ ಕದಡಿ, 55ರಿಂದ 65 ಡಿಗ್ರಿಗೆ ಇಳಿದ ಮೇಲೆ ಬೆಚ್ಚಗಿನ ಲೋಟಕ್ಕೆ ಸುರಿಯುವುದು ಸಾಮಾನ್ಯ ಕ್ರಮ. ಇನ್ನೂ ಗಂಭೀರವಾದ ಲೋಪವೆಂದರೆ, ಗಟ್ಟಿಯಾದ ಮರುದಿನವೇ ಹಚ್ಚಬಹುದು ಎಂದು ಪತ್ರ ಹೇಳುತ್ತದೆ. ಸೋಯಾ ಮೇಣ ಒಂದರಿಂದ ಎರಡು ವಾರ ಮುಚ್ಚಿಟ್ಟ ಮೇಲೆಯೇ ಚೆನ್ನಾಗಿ ಪರಿಮಳ ಬೀರುತ್ತದೆ. ಪತ್ರವನ್ನು ನಂಬಿ ಅವಸರದಲ್ಲಿ ಹಚ್ಚಿದವರು ತೈಲವೇ ಕಳಪೆ ಎಂದುಕೊಳ್ಳುವ ಸಂಭವ ಹೆಚ್ಚು. ಮೇಣಕ್ಕೆ ಬೆಂಕಿ ಹೊತ್ತಿದರೆ ನೀರು ಹಾಕಬಾರದು, ಮುಚ್ಚಳ ಮುಚ್ಚಿ ಆರಿಸಬೇಕು ಎಂಬ ಎಚ್ಚರಿಕೆಯೂ ಅದರಲ್ಲಿಲ್ಲ.

ಕಿಟ್‌ನ ದೊಡ್ಡ ಕೊರತೆ ಬತ್ತಿಯದು. ಮೇಣದಬತ್ತಿಯಲ್ಲಿ ಉರಿಯುವುದು ಮೇಣವೇ ಹೊರತು ದಾರವಲ್ಲ. ಕರಗಿದ ಮೇಣವನ್ನು ಮೇಲಕ್ಕೆ ಹೀರಿ ಜ್ವಾಲೆಗೆ ಒದಗಿಸುವುದಷ್ಟೇ ಬತ್ತಿಯ ಕೆಲಸ. ಎಷ್ಟು ಹೀರುತ್ತದೆ ಎಂಬುದು ಅದರ ದಪ್ಪವನ್ನೂ ಹೆಣಿಗೆಯನ್ನೂ ಅವಲಂಬಿಸಿರುವುದರಿಂದ ಲೋಟದ ಒಳವ್ಯಾಸ ನೋಡಿ ಬತ್ತಿಯನ್ನು ಆರಿಸಬೇಕು. ಈ ಲೋಟಗಳ ಒಳವ್ಯಾಸ ಏಳೂವರೆ ಸೆಂಟಿಮೀಟರ್, ಬತ್ತಿಯಾದರೋ ಇದಕ್ಕಿಂತ ಎಷ್ಟೋ ಕಿರಿದಾದ ಪಾತ್ರೆಗೆ ತಕ್ಕದ್ದು. ವ್ಯಾಸದ ಪ್ರತಿ ಎರಡೂವರೆ ಸೆಂಟಿಮೀಟರಿಗೆ ಸುಮಾರು ಒಂದು ಗಂಟೆಯಂತೆ, ಮೂರು ಗಂಟೆಯಲ್ಲಿ ಕರಗಿದ ಮೇಣ ಗೋಡೆಯನ್ನು ಮುಟ್ಟಬೇಕಿತ್ತು. ನಾಲ್ಕು ಗಂಟೆ ಕಳೆದರೂ ಸುತ್ತ ದಪ್ಪನೆಯ ಉಂಗುರದಷ್ಟು ಮೇಣ ಹಾಗೆಯೇ ಉಳಿದು, ಬತ್ತಿ ಬಾವಿ ತೋಡಿದಂತೆ ಕೆಳಕ್ಕಿಳಿಯುತ್ತ ಹೋಗಿ ಕೊನೆಗೆ ತಾನೇ ಕರಗಿಸಿದ ಮೇಣದಲ್ಲಿ ಮುಳುಗಿ ಆರಿತು. ಹಾಗೆಂದು ತೀರ ದಪ್ಪ ಬತ್ತಿ ಹಾಕಿದರೆ ಅದರ ತುದಿ ಅಣಬೆಯಾಕಾರಕ್ಕೆ ಊದಿಕೊಂಡು ಮಸಿ ಕಾರುತ್ತದೆ, ಗಾಜೂ ವಿಪರೀತ ಕಾಯುತ್ತದೆ. ಒಂದು ಅಳತೆ ಹೆಚ್ಚಿನ ಬತ್ತಿಯನ್ನು ಬೇರೆಡೆಯಿಂದ ಕೊಂಡು ಹಾಕಿದಾಗ ಅದೇ ಮೇಣ, ಅದೇ ಲೋಟ ನೆಟ್ಟಗೆ ಉರಿದವು. ಹೆಣೆದ ಬತ್ತಿ ಉರಿಯುತ್ತ ಬಾಗಿ ತುದಿಯನ್ನು ಜ್ವಾಲೆಯ ಅಂಚಿಗೆ ಒಡ್ಡಿಕೊಳ್ಳುವುದರಿಂದ ಅದು ತಾನಾಗಿಯೇ ಸುಟ್ಟುಹೋಗುತ್ತದೆ. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಈ ಹೆಣಿಗೆ ಬಂದ ಮೇಲೆಯೇ ಪದೇ ಪದೇ ಕುಡಿ ಕತ್ತರಿಸುವ ಕೆಲಸ ತಪ್ಪಿತು. ಆದರೂ ಪ್ರತಿ ಬಾರಿ ಹಚ್ಚುವ ಮುನ್ನ ಕುಡಿಯನ್ನು ಐದಾರು ಮಿಲಿಮೀಟರಿಗೆ ಕತ್ತರಿಸುವುದು ಕ್ಷೇಮ.

ಅಲಂಕಾರದಲ್ಲಿ ಮೆಚ್ಚುವಂಥದ್ದೂ ಇದೆ, ಒಪ್ಪಲಾಗದ್ದೂ ಇದೆ. ಬಣ್ಣದ ತುಂಡುಗಳು ಎಣ್ಣೆಯಲ್ಲಿ ಕರಗುವ ಬಣ್ಣದಿಂದ ಮಾಡಿದವು. ನೀರು ಬೆರೆಸಿದ ತಿನಿಸಿನ ಬಣ್ಣ ಮೇಣದೊಂದಿಗೆ ಸೇರುವುದಿಲ್ಲ, ಮಕ್ಕಳ ಕ್ರೇಯಾನ್ ಬತ್ತಿಯನ್ನು ಕಟ್ಟಿಸುತ್ತದೆ. ಲೋಟವನ್ನು ಓರೆಯಾಗಿ ಆನಿಸಿಟ್ಟು ಒಂದು ಬಣ್ಣ ಸುರಿದು, ಅದು ಬೆರಳಿಗೆ ಅಂಟದಷ್ಟು ಗಟ್ಟಿಯಾದರೂ ಇನ್ನೂ ಬೆಚ್ಚಗಿರುವಾಗಲೇ ನೆಟ್ಟಗೆ ನಿಲ್ಲಿಸಿ ಮುಂದಿನ ಬಣ್ಣ ಸುರಿದರೆ ಪದರಗಳು ಒಂದಕ್ಕೊಂದು ಬೆಸೆದುಕೊಂಡು ಗಾಜಿನ ಮೂಲಕ ಬಹಳ ಸೊಗಸಾಗಿ ಕಾಣುತ್ತವೆ. ಸೋಯಾ ಮೇಣದಲ್ಲಿ ಬಣ್ಣಗಳು ಹಾಲು ಬೆರೆತಷ್ಟು ತಿಳಿಯಾಗಿಯೇ ಮೂಡುತ್ತವೆ. ಗಾಢ ಬಣ್ಣ ಬೇಕಾದವರಿಗೆ ಪೆಟ್ರೋಲಿಯಂನಿಂದ ತಯಾರಾಗುವ ಪ್ಯಾರಾಫಿನ್ ಮೇಣ ಸೂಕ್ತ. ಒಣ ಎಸಳುಗಳ ಪೊಟ್ಟಣವನ್ನು ಮಾತ್ರ ನಾನು ಬಳಸಲಿಲ್ಲ, ಬಳಸಿ ಎಂದು ಯಾರಿಗೂ ಹೇಳಲಾರೆ. ಬತ್ತಿಯ ಸುತ್ತ ಉದುರಿಸಿ ಎಂದು ಪತ್ರ ಸೂಚಿಸುವ ಆ ಎಸಳುಗಳು ಕರಗಿದ ಮೇಣವನ್ನು ಹೀರಿ ಒಂದೊಂದೂ ಇನ್ನೊಂದು ಬತ್ತಿಯಾಗುತ್ತವೆ. ಚಿತ್ರದಲ್ಲಿ ಮನಸೆಳೆಯುವ ಅದೇ ಅಲಂಕಾರ ಲೋಟದೊಳಗೆ ಎರಡು ಮೂರು ಕಡೆ ಏಕಕಾಲಕ್ಕೆ ಬೆಂಕಿ ಹತ್ತಿಸಬಲ್ಲದು. ಹೂವೇ ಬೇಕೆಂದಿದ್ದರೆ ಹಚ್ಚದೆ ಇಡುವ ಲೋಟಕ್ಕೆ ಸೀಮಿತಗೊಳಿಸಬೇಕು, ಅದನ್ನು ತಯಾರಕರೇ ಬರೆಯಬೇಕಿತ್ತು.

ತಣಿದ ಮೇಲೆ ಮೇಲ್ಮೈಯಲ್ಲಿ ಕಾಣುವ ಬಿಳಿ ಹರಳಿನ ಛಾಯೆಯಾಗಲಿ, ಮೇಣ ಕುಗ್ಗಿ ಗಾಜಿನಿಂದ ಬಿಟ್ಟುಕೊಂಡಾಗ ಒದ್ದೆಯಂತೆ ತೋರುವ ಕಲೆಗಳಾಗಲಿ ಕಿಟ್‌ನ ದೋಷವಲ್ಲ. ಇವುಗಳಿಂದ ಉರಿಗೂ ಪರಿಮಳಕ್ಕೂ ತೊಂದರೆಯಿಲ್ಲ.

ಲೋಟಗಳನ್ನು ಮತ್ತೆ ಬಳಸಬಹುದಾದ್ದರಿಂದ ಕಿಟ್ ಒಂದೇ ಸಲಕ್ಕೆ ಮುಗಿಯುವುದಿಲ್ಲ. ತಳದಲ್ಲಿ ಒಂದು ಸೆಂಟಿಮೀಟರಿನಷ್ಟು ಮೇಣ ಉಳಿದಾಗಲೇ ಉರಿಸುವುದನ್ನು ನಿಲ್ಲಿಸಿ, ಲೋಟವನ್ನು ಬಿಸಿನೀರಿನಲ್ಲಿಟ್ಟು ಉಳಿದ ಮೇಣವನ್ನು ಕಾಗದಕ್ಕೆ ಒರೆಸಿ ತೆಗೆದರೆ ಸಾಕು, ಸಿಂಕಿಗೆ ಸುರಿದರೆ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಆದರೆ ಇದೇ ತಯಾರಕರು ಮೇಣವನ್ನೂ ತೈಲವನ್ನೂ ಬಿಡಿಯಾಗಿ ಮಾರುತ್ತಾರೆಯೇ ಹೊರತು ಈ ಲೋಟಕ್ಕೆ ಹೊಂದುವ ಬತ್ತಿಯನ್ನು ಮಾರುವುದಿಲ್ಲ. ಬತ್ತಿಯನ್ನು ಬೇರೆಡೆ ಹುಡುಕಿಕೊಳ್ಳುವ ವ್ಯವಧಾನ ಇರುವವರು ಇದನ್ನು ಧಾರಾಳವಾಗಿ ಕೊಳ್ಳಬಹುದು. ಪೆಟ್ಟಿಗೆ ತೆರೆದು ಸೂಚನಾಪತ್ರದಂತೆ ಮಾಡಿ ಹಚ್ಚಬೇಕೆನ್ನುವವರಿಗೆ, ಅದರಲ್ಲೂ ಉಡುಗೊರೆ ಕೊಡಬೇಕೆನ್ನುವವರಿಗೆ, ಈಗಿರುವ ರೂಪದಲ್ಲಿ ಇದನ್ನು ಶಿಫಾರಸು ಮಾಡುವುದಿಲ್ಲ.