ಲ್ಯಾಮಿಂಗ್ಟನ್ ರೋಡಿನ ಲ್ಯಾಪ್‌ಟಾಪ್ ಅಂಗಡಿ: ಬಿಲ್ಲಿಗೆ ಫುಲ್ ಮಾರ್ಕ್ಸ್, ಬ್ಯಾಟರಿಗೆ ಇಲ್ಲ

ಮುಂಬೈಯ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಲ್ಯಾಮಿಂಗ್ಟನ್ ರೋಡ್. ಅಲ್ಲೊಂದು ಪುಟ್ಟ ಅಂಗಡಿಯಲ್ಲಿ ಕಳೆದ ತಿಂಗಳು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ. ಇಬ್ಬರು ಒಳಗಿದ್ದರೆ ಮೂರನೆಯವರು ಫುಟ್‌ಪಾತಿನಲ್ಲೇ ಕಾಯಬೇಕು. ಕೌಂಟರಿನ ಹುಡುಗ ವಿಜಯಪುರದ ಕಡೆಯವನು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿದ ಮೇಲೆ 'ಮೇಡಂ' ಹೋಗಿ 'ಅಕ್ಕಾರ' ಬಂತು. ರೇಟು ಮಾತ್ರ ಇಳಿಯಲಿಲ್ಲ.

ನನಗೆ ಹಿಡಿಸಿದ್ದು ಅವನ ಚೀಟಿ. ಬರೀ ಯಂತ್ರಕ್ಕೆ 17,000. ರ್‍ಯಾಮ್ 8ರಿಂದ 16 ಜಿಬಿಗೆ 1,800. ಟಚ್ ಸ್ಕ್ರೀನ್ 1,400. ಮೂಲೆ ನೆಗ್ಗಿದ್ದಕ್ಕೆ 600 ಕಡಿಮೆ. "ರ್‍ಯಾಮ್ ಡಬಲ್ ಆದ್ರ ರೇಟ್ ಡಬಲ್ ಆಗಂಗಿಲ್ರೀ ಅಕ್ಕಾರ" ಎಂದ. ನಾನು ಕಾಲೇಜಿನಲ್ಲಿ ಸ್ಟಾಟಿಸ್ಟಿಕ್ಸ್ ಪಾಠ ಮಾಡುವವಳು, ನಗು ತಡೆಯಲಾಗಲಿಲ್ಲ. ಇದನ್ನೇ ನಾವು ಹೆಡೋನಿಕ್ ವಿಧಾನ ಅಂತ ಬೋರ್ಡ್ ತುಂಬ ಬರೆಯುತ್ತೇವೆ. ಒಂದೊಂದು ಗುಣಕ್ಕೂ ಒಂದೊಂದು ಬೆಲೆ ಕಟ್ಟುವುದು, ಅಷ್ಟೇ.

ಕಂಪ್ಯೂಟರ್ ಬೆಲೆ ಎಷ್ಟು ಇಳಿಯಿತು ಅನ್ನೋದು ಸುಲಭದ ಪ್ರಶ್ನೆಯಲ್ಲ. ಕಳೆದ ವರ್ಷದ ಮಾಡೆಲ್ ಈ ವರ್ಷ ಅಂಗಡಿಯಲ್ಲೇ ಇರುವುದಿಲ್ಲ. ಹೊಸದರ ರೇಟು ಅದೇ ಇದ್ದರೂ ವೇಗ ಜಾಸ್ತಿ. ಅಮೆರಿಕ 1985ರಲ್ಲೇ ಐಬಿಎಂ ಜೊತೆ ಸೇರಿ ಇದಕ್ಕೊಂದು ಹೆಡೋನಿಕ್ ಬೆಲೆ ಸೂಚ್ಯಂಕ ಮಾಡಿಕೊಂಡಿತು. ಯುರೋಪಿನಲ್ಲಿ ಒಂದೊಂದು ದೇಶದ್ದು ಒಂದೊಂದು ಲೆಕ್ಕ. ಕೆಲವರು ಅದೇ ಮಾಡೆಲ್ ಸಿಕ್ಕರೆ ಮಾತ್ರ ಹೋಲಿಸುತ್ತಿದ್ದರು, ಇನ್ನು ಕೆಲವರು ಪರಿಣತರ ಅಂದಾಜನ್ನೇ ನಂಬುತ್ತಿದ್ದರು. ಜರ್ಮನಿ ಪಿಸಿಗಳಿಗೆ ಹೆಡೋನಿಕ್ ಲೆಕ್ಕ ಶುರು ಮಾಡಿದ್ದು 2002ರಲ್ಲಿ. ಹಾಗಾಗಿ 1990ರ ದಶಕದಲ್ಲಿ ಒಂದೇ ಥರದ ಯಂತ್ರ ಒಂದು ದೇಶದ ಕಡತದಲ್ಲಿ ಧಡಕ್ಕನೆ ಅಗ್ಗ ಆಗುತ್ತಿತ್ತು, ಇನ್ನೊಂದರಲ್ಲಿ ಮೆಲ್ಲಗೆ. ಮಾರುಕಟ್ಟೆಯಲ್ಲಿ ಅಷ್ಟು ವ್ಯತ್ಯಾಸ ಇತ್ತು ಅಂತಲ್ಲ, ಅಳೆಯುವ ಕೋಲೇ ಬೇರೆ.

ಇಂಥ ಲೆಕ್ಕದ ವಿಧಾನಗಳಲ್ಲಿ ನನಗೆ ಪ್ರಿಯವಾದದ್ದು ಅರ್ಧದ ನಿಯಮ. ಹೆಚ್ಚುವರಿ ಸೌಲಭ್ಯ ಬಿಡಿಯಾಗಿ 1,400ಕ್ಕೆ ಸಿಗುತ್ತಿದ್ದರೆ, ಗುಣ ಹೆಚ್ಚಿದ ಲೆಕ್ಕಕ್ಕೆ 700 ಮಾತ್ರ ಹಿಡಿಯುವುದು. ಯಾಕೆಂದರೆ ಯಂತ್ರದ ಜೊತೆಗೇ ಬಂದದ್ದು ಎಲ್ಲರಿಗೂ ಬೇಕಿರುವುದಿಲ್ಲ ಅಲ್ವಾ? ಸುಮ್ನೆ ಅದನ್ನೇ ಪ್ರಯೋಗಿಸಿದೆ. "ತಮ್ಮಾ, ನನಗೆ ಟಚ್ ಬೇಡ. ಬೇರೆ ಪೀಸ್ ಇಲ್ಲ ಅಂತೀಯ. ಅರ್ಧ ಹಾಕು." ಹಿಂದೆ ಕೂತಿದ್ದ ಮಾಲೀಕರ ಕಡೆ ನೋಡಿದ. ಅವರು ಹೂಂ ಅಂತ ತಲೆ ಆಡಿಸಿದರು. 19,600 ಇದ್ದದ್ದು 18,900 ಆಯಿತು.

ಇನ್ನು ದೂರು. ಚೀಟಿಯಲ್ಲಿ 'ಬ್ಯಾಟರಿ ಓಕೆ' ಅಂತ ಇತ್ತು. ಡೊಂಬಿವಲಿಯ ಮನೆಗೆ ತಂದು ನೋಡಿದರೆ 1 ಗಂಟೆ 10 ನಿಮಿಷಕ್ಕೆ ಸ್ಕ್ರೀನ್ ಕಪ್ಪು. ಎರಡು ಸಲ ಲೋಕಲ್ ಹತ್ತಿ ಹೋದ ಮೇಲೆ ಬೇರೆ ಬ್ಯಾಟರಿ ಹಾಕಿದರು, ಅರ್ಧ ದುಡ್ಡು ತಗೊಂಡು. "ನಿಮ್ದ ನಿಯಮ ಅಲ್ಲೇನ್ರೀ ಅಕ್ಕಾರ?" ಅಂದ ಹುಡುಗ.

ಹೋಗುವುದಾದರೆ ಬ್ಯಾಟರಿಯನ್ನು ಅಲ್ಲೇ ಅರ್ಧ ಗಂಟೆ ಓಡಿಸಿ ನೋಡಿ. ಭಾನುವಾರ ಅಂಗಡಿ ಬಂದ್.