ಬಳ್ಳಾರಿಯಲ್ಲಿ ಕೊಂಡ ಸರ್ಫ್ ಉಡುಪು: ಅಂಗಿ ಗೆದ್ದಿತು, ಚಡ್ಡಿ ಸೋತಿತು

ಹಲಗೆಯ ಮೇಲೆ ನಿಂತು ಕಡಲ ಅಲೆಗಳಲ್ಲಿ ಜಾರುವ ಸರ್ಫಿಂಗ್ ಕಲಿಯಲು ಉಡುಪಿ ಬಳಿಯ ಕೋಡಿ ಬೆಂಗ್ರೆಗೆ ಹೊರಟಾಗ, ಬಳ್ಳಾರಿಯ ಬೆಂಗಳೂರು ರಸ್ತೆಯ ಅಂಗಡಿಯೊಂದರಲ್ಲಿ 900 ರೂಪಾಯಿಗೆ ತುಂಬುತೋಳಿನ ರ‍್ಯಾಶ್ ಗಾರ್ಡ್ ಅಂಗಿಯನ್ನೂ, 750 ರೂಪಾಯಿಗೆ ‘ಸರ್ಫ್ ಶಾರ್ಟ್ಸ್’ ಎಂಬ ಚೀಟಿ ಅಂಟಿಸಿದ್ದ ಮಹಿಳೆಯರ ಚಡ್ಡಿಯನ್ನೂ ಕೊಂಡೆ. ಮೂರು ದಿನ ಕಡಲಿನಲ್ಲಿ, ನಂತರ ನಾಲ್ಕು ತಿಂಗಳು ನಮ್ಮೂರಿನ ಈಜುಕೊಳದಲ್ಲಿ ಇವೆರಡನ್ನೂ ಬಳಸಿದ್ದೇನೆ.

ಮೊದಲು ಅಂಗಿಯ ವಿಷಯ. ಸರ್ಫಿಂಗ್ ಕಲಿಯುವವರು ಹೆಚ್ಚು ಹೊತ್ತು ಕಳೆಯುವುದು ಹಲಗೆಯ ಮೇಲೆ ನಿಂತಲ್ಲ, ಬೋರಲು ಮಲಗಿ ಎರಡೂ ಕೈಗಳಿಂದ ನೀರನ್ನು ಹಿಂದಕ್ಕೆ ತಳ್ಳುವುದರಲ್ಲಿ. ಕಾಲು ಜಾರದಿರಲೆಂದು ಹಲಗೆಗೆ ಬಳಿಯುವ ಮೇಣಕ್ಕೆ ಮರಳು ಅಂಟಿಕೊಂಡು ಅದು ಉಪ್ಪುಕಾಗದದಂತೆ ಎದೆ, ಹೊಟ್ಟೆ, ತೋಳುಗಳನ್ನು ಉಜ್ಜುತ್ತದೆ. ಆ ಗಾಯವನ್ನು ತಡೆಯುವುದೇ ರ‍್ಯಾಶ್ ಗಾರ್ಡಿನ ಕೆಲಸ. ಈ ಅಂಗಿಯನ್ನು ಒಳಮಗ್ಗುಲಿಗೆ ತಿರುಗಿಸಿದರೆ ಓವರ್‌ಲಾಕಿನ ಉಬ್ಬು ಎಲ್ಲಿಯೂ ಕಾಣುವುದಿಲ್ಲ. ಬಟ್ಟೆಯ ಅಂಚುಗಳು ಮಟ್ಟಸವಾಗಿ ಕೂಡುವ ಫ್ಲಾಟ್‌ಲಾಕ್ ಹೊಲಿಗೆ ಅದು, ಕಂಕುಳಲ್ಲಿ ಬೇರೆಯೇ ತುಂಡನ್ನು ಸೇರಿಸಿದ್ದಾರೆ. ಮೂರು ದಿನದ ಕೊನೆಗೂ ನನ್ನ ಮೈಮೇಲೆ ಒಂದು ಕೆಂಪು ಗೆರೆ ಇರಲಿಲ್ಲ. ಬಟ್ಟೆ ಬಿಸಿಲನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ ಯುಪಿಎಫ್. ಈ ಅಂಗಿಯ ಯುಪಿಎಫ್ 50 ಎಂದರೆ ಅತಿನೇರಳೆ ಕಿರಣಗಳ ಐವತ್ತರಲ್ಲಿ ಒಂದು ಪಾಲು ಮಾತ್ರ ಬಟ್ಟೆಯನ್ನು ದಾಟುತ್ತದೆ ಎಂದರ್ಥ. ಬಳ್ಳಾರಿಯ ಬಿಸಿಲಿನಲ್ಲಿ ಬಾಳುವ ನಮಗೆ ಅದರ ಬೆಲೆ ತಿಳಿಯದ್ದೇನಲ್ಲ. ಅಲೆಯಿಂದ ಎದ್ದಾಗಲೆಲ್ಲ ಬಟ್ಟೆಯನ್ನು ಎಳೆದು ಸರಿಪಡಿಸಿಕೊಳ್ಳುವ ಚಿಂತೆ ತಪ್ಪಿದ್ದು ನನಗೆ ಎಲ್ಲಕ್ಕಿಂತ ದೊಡ್ಡ ನೆಮ್ಮದಿ.

ಚಡ್ಡಿಯ ಕಥೆಯೇ ಬೇರೆ. ಹೊರಗೆ ದಾಸವಾಳದ ಹೂವು, ತೆಂಗಿನ ಗರಿಯ ಚಿತ್ರ. ಒಳಗೆ ದಪ್ಪ ಹತ್ತಿಬಟ್ಟೆ, ಎಲಾಸ್ಟಿಕ್ ಸೊಂಟಪಟ್ಟಿ, ಲೋಹದ ಜಿಪ್, ಹಿಂದೆ ಎರಡು ತೆರೆದ ಜೇಬು, ಜೇಬಿಗೆ ರಿವೆಟ್. ಮೊದಲ ಅಲೆಗೇ ಜೇಬುಗಳಲ್ಲಿ ನೀರು ತುಂಬಿ ಚಡ್ಡಿ ಜಾರಿತು. ರಿವೆಟ್ ಬಾಡಿಗೆ ಹಲಗೆಯನ್ನು ಗೀರಿತು. ಮರುದಿನ ಬೆಳಗಾದರೂ ಅದು ಒಣಗಿರಲಿಲ್ಲ.

ಮಹಿಳೆಯರಿಗೆಂದೇ ಹೊಲಿದ ಬೋರ್ಡ್ ಶಾರ್ಟ್ಸ್, ಅಂದರೆ ಸರ್ಫಿಂಗ್ ಚಡ್ಡಿ, ಹುಟ್ಟಿದ್ದು ಇಂಥ ತೊಂದರೆಯನ್ನು ನಿವಾರಿಸಲಿಕ್ಕೆ ಎಂಬುದು ನೆನಪಾಗಿ ನನಗೆ ಹೆಚ್ಚು ಬೇಸರವಾಯಿತು. ಒಂದು ಕಾಲಕ್ಕೆ ಸರ್ಫಿಂಗ್ ಮಾಡುವ ಹೆಣ್ಣುಮಕ್ಕಳಿಗೆ ಇದ್ದದ್ದು ಬಿಕಿನಿ, ಇಲ್ಲವಾದರೆ ಗಂಡಸರ ಅಳತೆಯ ಚಡ್ಡಿ. ಸರ್ಫಿಂಗ್ ಉಡುಪು ತಯಾರಿಸುವ ಕ್ವಿಕ್‌ಸಿಲ್ವರ್ ಕಂಪನಿ 1990ರಲ್ಲಿ ರಾಕ್ಸಿ ಎಂಬ ಮಹಿಳಾ ಉಡುಪಿನ ವಿಭಾಗವನ್ನು ತೆರೆಯಿತು. 1994ರಿಂದ 1997ರವರೆಗೆ ಸತತ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದ ಲೀಸಾ ಆ್ಯಂಡರ್ಸನ್ ಅದರ ಬೋರ್ಡ್ ಶಾರ್ಟ್ಸ್ ತೊಟ್ಟು ಅಲೆಗಿಳಿದರು. ಕಡಲನ್ನೇ ಕಾಣದ ಹುಡುಗಿಯರೂ ಅದನ್ನು ತೊಡತೊಡಗಿದ್ದು ಆಮೇಲೆ. ನಮ್ಮ ಅಂಗಡಿಗೆ ಬಂದು ತಲುಪಿರುವುದು ಆ ಉಡುಪಿನ ಬಣ್ಣ ಮಾತ್ರ. ಬದಲಿಸಿಕೊಡಿ ಎಂದು ಕೇಳಿದ್ದಕ್ಕೆ ಅಂಗಡಿಯವರು, “ಮೇಡಂ, ಅದು ಸ್ಟೈಲಿಗೆ ಹಾಕ್ಕಳದು, ನೀರಿಗಲ್ಲ ರೀ” ಎಂದರು. ಹಾಗಿದ್ದರೆ ಚೀಟಿಯ ಮೇಲೆ ‘ಸರ್ಫ್’ ಎಂದು ಬರೆಯಬಾರದಿತ್ತು.

ಕೊನೆಗೆ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಅಕ್ಕನೊಬ್ಬರ ಬಳಿಗೆ ಒಯ್ದೆ. ಅವರು ಎಲಾಸ್ಟಿಕ್ ಬಿಚ್ಚಿ ಚಪ್ಪಟೆಯ ಪಟ್ಟಿ ಕೂರಿಸಿ, ಲಾಡಿ ಪೋಣಿಸಿ, ಜಿಪ್ಪಿನ ಜಾಗದಲ್ಲಿ ವೆಲ್ಕ್ರೊ ಹಚ್ಚಿ, ರಿವೆಟ್ ಕಿತ್ತು, ಹಿಂದಿನ ಜೇಬುಗಳನ್ನು ಮುಚ್ಚಿದರು. ಈಗ ಅದು ಕೊಳದಲ್ಲಿ ಜಾರುವುದಿಲ್ಲ, ಆದರೆ ಬಟ್ಟೆಯ ಭಾರ ಉಳಿದೇ ಇದೆ. ಅರ್ಧ ಗಂಟೆಯಲ್ಲಿ ಇಷ್ಟು ಮಾಡಬಲ್ಲ ಕೈಗಳಿರುವ ಊರಿನಲ್ಲಿ ತೆಳುವಾದ ಪಾಲಿಯೆಸ್ಟರ್ ತಂದು ನಿಜವಾದ ಬೋರ್ಡ್ ಶಾರ್ಟ್ಸ್ ಹೊಲಿಸಲು ಯಾರಾದರೂ ಮುಂದೆ ಬಂದರೆ ನಾನೇ ಮೊದಲ ಗಿರಾಕಿ.

ಅಂಗಿಯನ್ನು ಧೈರ್ಯವಾಗಿ ಕೊಳ್ಳಬಹುದು. ಕ್ಲೋರಿನ್ ಮತ್ತು ಬಿಸಿಲು ಅದರ ಹಿಗ್ಗುವ ನೂಲಾದ ಸ್ಪ್ಯಾಂಡೆಕ್ಸಿನ ಬಿಗುವನ್ನು ಕೆಡಿಸುವುದರಿಂದ ಪ್ರತಿ ಸಲವೂ ಸಿಹಿನೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸಬೇಕು. ಚಡ್ಡಿಯನ್ನು ನೀರಿಗಾಗಿ ಕೊಳ್ಳಬೇಡಿ.